ತಂತಿ ಸಡಿಲಾದಷ್ಟೂ ಸದ್ದು ಭಾರ

ದಪ್ಪ, ಭಾರದ ಗಿಟಾರ್ ಸದ್ದಿನ ಸ್ಟೋನರ್ ರಾಕ್ ಎಲ್ಲಿಂದ ಕೇಳಲು ಶುರು ಮಾಡಬೇಕು ಎಂದು ಯಾರೇ ಕೇಳಿದರೂ ನಾನು ಹೆಸರಿಸುವುದು ಒಂದೇ ಆಲ್ಬಂ: ಕೈಯಸ್ ತಂಡದ ‘ವೆಲ್‌ಕಮ್ ಟು ಸ್ಕೈ ವ್ಯಾಲಿ’. 1994ರ ಜೂನ್‌ನಲ್ಲಿ ಬಂದದ್ದು. ಯಾದಗಿರಿ, ಶಹಾಪುರ, ಸುರಪುರದ ಹುಡುಗರಿಗೆ ಇದನ್ನೇ ಇನ್ನಷ್ಟು ಒತ್ತಿ ಹೇಳುತ್ತೇನೆ. ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ದಾಟುವ ಸೀಮೆ ನಮ್ಮದು. ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ಶಹಾಪುರದ ಗುಡ್ಡದ ಬಂಡೆಗೆ ಬೆನ್ನು ಕೊಟ್ಟರೆ ಕಾವು ಅಂಗಿಯೊಳಕ್ಕೆ ಇಳಿಯುತ್ತದೆ. ಈ ಸಂಗೀತವೂ ಅಂಥದೇ ನೆಲದಲ್ಲಿ ಹುಟ್ಟಿದ್ದು.

ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್ ಎಂಬುದು ಮರುಭೂಮಿಯ ಅಂಚಿನ ಊರು. ಎಂಬತ್ತರ ದಶಕದಲ್ಲಿ ಅಲ್ಲಿನ ಹುಡುಗರಿಗೆ ನುಡಿಸಲು ವೇದಿಕೆಯೇ ಇರಲಿಲ್ಲ ಎನ್ನಬೇಕು. ಜೀಪು, ವ್ಯಾನುಗಳಲ್ಲಿ ಜನರೇಟರ್ ಹೇರಿಕೊಂಡು ಊರಾಚೆಯ ಬಯಲಿಗೆ ಹೋಗಿ, ಅಲ್ಲೇ ಆಂಪ್ಲಿಫೈಯರ್‌ಗಳನ್ನು ನಿಲ್ಲಿಸಿ ನುಡಿಸುತ್ತಿದ್ದರು. ಬಯಲಿನಲ್ಲಿ ಸದ್ದು ತಡೆದು ಹಿಂದಿರುಗಿಸಲು ಗೋಡೆಯಿಲ್ಲ, ನುಡಿಸಿದ್ದು ಹಾಗೇ ಹರಡಿ ಹೋಗುತ್ತದೆ. ಚೂಪು ಸ್ವರ ಅಲ್ಲಿ ಉಳಿಯುವುದಿಲ್ಲ, ದಪ್ಪನೆಯದು ಬೇಕು. ಕೈಯಸ್‌ನ ಗಿಟಾರ್ ವಾದಕ ಜಾಶ್ ಹೋಮಿ ತನ್ನ ಗಿಟಾರನ್ನು ಬೇಸ್ ಗಿಟಾರಿನ ಆಂಪ್ಲಿಫೈಯರ್‌ಗೆ ಜೋಡಿಸಿ ಆ ದಪ್ಪ ತಂದ. ಜೊತೆಗೆ ತಂತಿಗಳನ್ನೂ ಸಡಿಲಿಸಿದ.

ಈ ಸಡಿಲಿಸುವುದರಲ್ಲೇ ಎಲ್ಲ ಇದೆ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಹೋಮಿ ಅದನ್ನು ನಾಲ್ಕು ಸ್ವರಸ್ಥಾನ ಕೆಳಗಿಳಿಸಿ ಸುಮಾರು 65ಕ್ಕೆ ತಂದ. ಅಷ್ಟು ಸಡಿಲಾದ ತಂತಿ ಮೀಟಿದ ತಕ್ಷಣ ಸುಮ್ಮನಾಗುವುದಿಲ್ಲ. ಅಲುಗಾಡುತ್ತ, ಉರುಳುತ್ತ ಉಳಿಯುತ್ತದೆ. ಈ ದಾರಿ ತೆರೆದವನು ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ. ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳ ತುದಿ ಹೋದವು. ಎಡಗೈಯಿಂದ ಮೀಟುವವನಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿದ. 1971ರ ಬ್ಲ್ಯಾಕ್ ಸಬ್ಬತ್ ಆಲ್ಬಂ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಕೆಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಸ್ವರಸ್ಥಾನ ಇಳಿಸಿದ. ಬೆರಳಿಗೂ ಹಗುರವಾಯಿತು, ಸದ್ದಿಗೂ ಭಾರ ಬಂತು. ಇಂದಿನ ಸ್ಟೋನರ್ ತಂಡಗಳೆಲ್ಲ ಅವನ ಮನೆತನದವೇ.

ನಮ್ಮ ಕಡೆ ಈ ಸಡಿಲಿಸುವಿಕೆಗೆ ತದ್ವಿರುದ್ಧ. ಮೊಹರಂನಲ್ಲಿ ಹಲಗೆಯವರು ಹುಲ್ಲಿನ ಉರಿಗೆ ಹಲಗೆ ಹಿಡಿದು, ಚರ್ಮ ಕಾಯಿಸಿ ಬಿಗಿ ಮಾಡುತ್ತಾರೆ. ಬೆರಳಿಂದ ತಟ್ಟಿ ನೋಡಿ, ಸದ್ದು ಇನ್ನೂ ಮೆತ್ತಗಿದ್ದರೆ ಮತ್ತೆ ಉರಿಗೆ. ಬಿಗಿಯಾದಷ್ಟೂ ಏಟು ಖಣೀರ್ ಅನ್ನುತ್ತದೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಅದು ಬೇಕೇ ಬೇಕು. ಆದರೂ ಈ ಎರಡಕ್ಕೂ ಮೂಲದಲ್ಲಿ ನಂಟಿದೆ ಎಂದು ನನಗೆ ಖಾತ್ರಿಯಾದದ್ದು ಸುರಪುರದ ಬಳಿಯ ಹಳ್ಳಿಯೊಂದರ ಹಲಗೆಯ ಹುಡುಗನಿಂದ. ಅವನಿಗೆ ಹೆಡ್‌ಫೋನ್ ಕೊಟ್ಟು ಕೈಯಸ್‌ನ ಇದೇ ಆಲ್ಬಂನ ‘ಸೂಪಾ ಸ್ಕೂಪಾ ಅಂಡ್ ಮೈಟಿ ಸ್ಕೂಪ್’ ಹಾಕಿದ್ದೆ. ಅದರ ಕೊನೆಯಲ್ಲಿ ತಂಡ ಒಂದೇ ಪೆಟ್ಟು ಕೊಟ್ಟು ನಿಲ್ಲುತ್ತದೆ. ಮೌನ. ಮತ್ತೆ ಪೆಟ್ಟು, ಮತ್ತೆ ಮೌನ. ಹುಡುಗ ಕಣ್ಣು ಮುಚ್ಚಿ ಕೇಳಿದ. “ಅಣ್ಣಾರ, ಇವ ಬಡಿಯಾದು ಬಿಟ್ಟು ಒಳಗ ಎಣಿಸಲಾಕತ್ತಾನ್ರಿ” ಅಂದ. ಬಲದಿಂದ ಹೊಡೆಯುವ ಸಂಗೀತವನ್ನು ಕೇಳುವ ಬಗೆ ಅದು. ಪೆಟ್ಟಿನ ಜೋರು ಯಾರ ಕಿವಿಗೂ ಬೀಳುತ್ತದೆ. ಪೆಟ್ಟಿಗೂ ಪೆಟ್ಟಿಗೂ ನಡುವೆ ತಂಡದವರೆಲ್ಲ ಒಂದೇ ಲೆಕ್ಕ ಹಿಡಿದು ಕಾಯುವುದನ್ನು ಕೇಳಿಸಿಕೊಂಡರೆ ಮುಂದಿನ ಪೆಟ್ಟು ಎದೆಗೇ ಬೀಳುತ್ತದೆ.

ಆಲ್ಬಂನಲ್ಲಿ ಹತ್ತು ಹಾಡುಗಳಿವೆ, ಒಟ್ಟು ಐವತ್ತು ನಿಮಿಷಕ್ಕೆ ತುಸು ಹೆಚ್ಚು. ಸಿಡಿಯಲ್ಲಿ ಅವನ್ನು ಮೂರೇ ಟ್ರ್ಯಾಕುಗಳಾಗಿ ಕಟ್ಟಿದ್ದರು. ನಡುವೆ ಹಾರಿಸಿ ಮುಂದಿನ ಹಾಡಿಗೆ ಹೋಗಲು ಆಗಬಾರದೆಂದೇ ಈ ಏರ್ಪಾಡು. ಈಗ ಆ್ಯಪ್‌ಗಳಲ್ಲಿ ಹಾಡುಗಳು ಬಿಡಿಬಿಡಿಯಾಗಿ ಸಿಗುತ್ತವೆ. ದಯವಿಟ್ಟು ಬಿಡಿಯಾಗಿ ಕೇಳಬೇಡಿ. ಮೊದಲ ಭಾಗದ ‘ಗಾರ್ಡೇನಿಯಾ’ ದಪ್ಪ ರಿಫ್ (ಮರುಕಳಿಸುವ ಗಿಟಾರ್ ಸ್ವರಗುಚ್ಛ) ಒಂದನ್ನು ಮತ್ತೆ ಮತ್ತೆ ಉರುಳಿಸುತ್ತದೆ. ಅದರ ಬೆನ್ನಿಗೆ ಬರುವ ‘ಆಸ್ಟೆರಾಯ್ಡ್’ನಲ್ಲಿ ಮಾತಿಲ್ಲ. ಪಿಸುಗುಟ್ಟುವಷ್ಟು ಸಣ್ಣಗೆ ಶುರುವಾಗಿ ಸಿಡಿಯುತ್ತದೆ. ಆ ಸಣ್ಣ ಭಾಗದಲ್ಲಿ ವಾಲ್ಯೂಮ್ ಏರಿಸಬೇಡಿ.

ಎರಡನೆಯ ಭಾಗ ನನಗೆ ಎಲ್ಲಕ್ಕಿಂತ ಪ್ರಿಯ. ‘100 ಡಿಗ್ರಿ’ ಎಂಬ ಎರಡೂವರೆ ನಿಮಿಷದ ಓಟ ಮೊದಲು. ಅವರ ಫ್ಯಾರನ್‌ಹೀಟ್ ನೂರು ನಮ್ಮ ಲೆಕ್ಕದಲ್ಲಿ 38, ಮಾರ್ಚ್ ತಿಂಗಳ ಮಧ್ಯಾಹ್ನ ಅಷ್ಟೇ. ಅದು ಮುಗಿದೊಡನೆ ‘ಸ್ಪೇಸ್ ಕೆಡೆಟ್’ ಏಳು ನಿಮಿಷ ಅಕೂಸ್ಟಿಕ್ ಗಿಟಾರಿನಲ್ಲಿ ತೇಲುತ್ತದೆ. ಅಷ್ಟು ಭಾರದ ನಡುವೆ ಇಷ್ಟು ಹಗುರವನ್ನು ಇಟ್ಟ ಧೈರ್ಯ ನಿರ್ಮಾಪಕ ಕ್ರಿಸ್ ಗಾಸ್ ಮತ್ತು ತಂಡದ್ದು. ಆಮೇಲೆ ಬರುವ ‘ಡೀಮನ್ ಕ್ಲೀನರ್’ನಲ್ಲಿ ಗಾಯಕ ಜಾನ್ ಗಾರ್ಸಿಯಾ ಕಿರುಚುವುದನ್ನು ಬಿಟ್ಟು ಹಾಡುತ್ತಾನೆ. ಬ್ರಾಂಟ್ ಬ್ಯೋರ್ಕ್‌ನ ಡ್ರಮ್ಸನ್ನೂ ಸ್ಕಾಟ್ ರೀಡರ್‌ನ ಬೇಸನ್ನೂ ಬೇರೆ ಬೇರೆಯಾಗಿ ಗಮನಿಸಲು ಇದೇ ಸರಿಯಾದ ಹಾಡು. ರೆಕಾರ್ಡಿಂಗ್ ನಡೆದದ್ದು 1993ರಲ್ಲಿ, ಹೋಮಿಗೆ ಆಗಿನ್ನೂ ಇಪ್ಪತ್ತರ ಆಸುಪಾಸು. ಮೂರನೆಯ ಭಾಗ ತುಸು ಚೆದುರಿದೆ, ‘ಕೋನನ್ ಟ್ರೌಟ್‌ಮನ್’ ಇಲ್ಲದಿದ್ದರೂ ನಡೆಯುತ್ತಿತ್ತು. ‘ವೈಟ್‌ವಾಟರ್’ ಬಂದು ಎಲ್ಲವನ್ನೂ ಒಂದುಗೂಡಿಸುತ್ತದೆ.

ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. 65 ಕಂಪನದ ಸ್ವರವನ್ನು ಹೊರಡಿಸಲು ಅಷ್ಟು ಪುಟ್ಟ ಸ್ಪೀಕರಿಗೆ ಶಕ್ತಿಯಿಲ್ಲ. ಆಲ್ಬಂನ ತಳವೇ ಕಳಚಿ ಗೊರಗೊರ ಮಾತ್ರ ಉಳಿಯುತ್ತದೆ. ಕಿವಿ ಪೂರ್ತಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು. ‘ಸ್ಟೋನರ್’ ಎಂಬ ಹೆಸರಿನಲ್ಲಿ ನಶೆಯ ವಾಸನೆ ಇದೆ, ನಿಜ. ಕೇಳಲು ಅದರ ಅಗತ್ಯ ಎಳ್ಳಷ್ಟೂ ಇಲ್ಲ.

ಇದು ಹಿಡಿಸಿದರೆ ಮುಂದೆ ದೂರ ಹುಡುಕಬೇಕಿಲ್ಲ. ಬೆಂಗಳೂರಿನಲ್ಲೇ ‘ಬೇವರ್ ಸೀ’ ಎಂಬ ತಂಡವಿದೆ. ಹೆಸರನ್ನು ಕೂಡಿಸಿ ಓದಿದರೆ ಯಾವ ಬೈಗುಳವೆಂದು ಕನ್ನಡದವರಿಗೆ ಹೇಳಬೇಕಿಲ್ಲ. 2012ರಲ್ಲಿ ತಂಡದ ಹೆಸರಿನಲ್ಲೇ ಬಂದ ಮೊದಲ ಆಲ್ಬಂ ಕೈಯಸ್‌ಗಿಂತ ನಿಧಾನ, ಸಬ್ಬತ್‌ಗೆ ಹೆಚ್ಚು ಹತ್ತಿರ. ಹಾಡುಗಳು ಉದ್ದ, ರಿಫ್ ಬದಲಾಗಲು ಸಮಯ ತೆಗೆದುಕೊಳ್ಳುತ್ತದೆ, ಬದಲಾದಾಗ ನೆಲವೇ ಸರಿದಂತಾಗುತ್ತದೆ. 2015ರ ‘ಇನ್ವೋಕ್ ದಿ ಬಿಝಾರ್’ಗಿಂತ ನನಗೆ ಮೊದಲನೆಯದೇ ಮೇಲು. ಅದರಲ್ಲಿ ‘ಯೂನಿವರ್ಸಲ್ ಸ್ಲೀಪರ್’ ಹಾಕಿಕೊಳ್ಳಿ, ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಮೊದಲ ಗಿಟಾರ್ ಸದ್ದು ಬಂದಾಗ ಅದರ ಅಡಿಯಲ್ಲಿ ಬೇಸ್ ಎಲ್ಲಿ ಸೇರಿಕೊಂಡಿತು ಎಂದು ಹುಡುಕಿ ನೋಡಿ.