ಎರಡು ಕುದುರೆಗಳ ಫಿರ್ಯಾದು

ಅನ್ಯಾಯದ ಪ್ರಭುತ್ವವನ್ನು ಎದುರಿಸುವ ಹಕ್ಕು ಪ್ರಜೆಗೆ ಇದೆಯೆ? ಆಧುನಿಕ ರಾಜಕೀಯ ಚಿಂತನೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವರು ಬಹಳ ಮಂದಿ. ಉತ್ತರ ಕೊಡುವಾಗ ಅವರೆಲ್ಲ ಸಾಮಾನ್ಯವಾಗಿ ‘ಜನತೆ’ ಎಂಬ ಪದವನ್ನು ಬಳಸುತ್ತಾರೆ. ಆದರೆ ಅನ್ಯಾಯವೆಂಬುದು ಮೊದಲು ಬರುವುದು ಒಬ್ಬನ ಹೊಲಕ್ಕೆ, ಒಬ್ಬಳ ಮನೆಗೆ, ಒಬ್ಬ ವ್ಯಾಪಾರಿಯ ಗಾಡಿಗೆ. ಜನತೆ ಎದ್ದು ನಿಲ್ಲುವ ತನಕ ಆ ಒಬ್ಬ ಮನುಷ್ಯ ಏನು ಮಾಡಬೇಕು? ತತ್ವಶಾಸ್ತ್ರ ಬೇಗಬೇಗನೆ ದಾಟಿಕೊಂಡು ಹೋದ ಈ ಜಾಗದಲ್ಲಿ ಒಬ್ಬ ಕತೆಗಾರ ನಿಂತು ನೋಡಿದ್ದಾನೆ. ಅವನು ಜರ್ಮನಿಯ ಹೈನ್‌ರಿಶ್ ಫಾನ್ ಕ್ಲೈಸ್ಟ್. ಕತೆ 1810ರಲ್ಲಿ ಪೂರ್ಣವಾಗಿ ಅಚ್ಚಾದ ‘ಮಿಖಾಯೆಲ್ ಕೋಲ್‌ಹಾಸ್’.

ಹದಿನಾರನೇ ಶತಮಾನ. ಕೋಲ್‌ಹಾಸ್ ಬ್ರಾಂಡೆನ್‌ಬುರ್ಗ್ ಸೀಮೆಯ ಕುದುರೆ ವ್ಯಾಪಾರಿ. ಕುದುರೆಗಳನ್ನು ಹೊಡೆದುಕೊಂಡು ಪಕ್ಕದ ಸ್ಯಾಕ್ಸನಿಗೆ ಹೋಗುವಾಗ, ಟ್ರೋಂಕಾ ಎಂಬ ಜಹಗೀರುದಾರನ ಕೋಟೆಯ ಹತ್ತಿರ ಹಿಂದೆಂದೂ ಇರದಿದ್ದ ಒಂದು ಅಡ್ಡಗಂಬ ಎದುರಾಗುತ್ತದೆ. ರಹದಾರಿ ಎಲ್ಲಿ ಎಂದು ಕೇಳುತ್ತಾರೆ. ಎರಡು ಕಪ್ಪು ಕುದುರೆಗಳನ್ನು ಒತ್ತೆಯಾಗಿ ಇಟ್ಟು, ನೋಡಿಕೊಳ್ಳಲು ಹೆರ್ಸೆ ಎಂಬ ಆಳನ್ನು ಬಿಟ್ಟು ಮುಂದೆ ಹೋಗುತ್ತಾನೆ. ಡ್ರೆಸ್ಡೆನ್‌ನಲ್ಲಿ ವಿಚಾರಿಸಿದರೆ ಅಂಥ ರಹದಾರಿಯೇ ಇಲ್ಲ, ಬರೀ ಕಟ್ಟುಕತೆ. ಮರಳಿ ಬಂದರೆ ಕುದುರೆಗಳನ್ನು ಹೊಲದಲ್ಲಿ ದುಡಿಸಿ ಎಲುಬಿನ ಗೂಡು ಮಾಡಿದ್ದಾರೆ. ಹೆರ್ಸೆಯನ್ನು ಹೊಡೆದು ಓಡಿಸಿದ್ದಾರೆ.

ಇಲ್ಲಿಂದ ಸೇಡಿನ ಕತೆ ಶುರುವಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಕ್ಲೈಸ್ಟ್ ಅವಸರ ಮಾಡುವುದಿಲ್ಲ. ಕೋಲ್‌ಹಾಸ್ ಮನೆಗೆ ಹೋಗಿ ಮೊದಲು ವಿಚಾರಣೆ ಮಾಡುವುದು ತನ್ನ ಆಳನ್ನೇ. ತಪ್ಪು ನಿನ್ನದಿರಬಹುದೆ, ನೀನೇ ಏನಾದರೂ ಮಾಡಿದೆಯಾ ಎಂದು ಪೊಲೀಸಿನವರ ಹಾಗೆ ಕೆದಕಿ ಕೆದಕಿ ಕೇಳುತ್ತಾನೆ. ಹಾಸಿಗೆ ಹಿಡಿದಿದ್ದವನನ್ನು ಹೀಗೆ ಗೋಳುಹೊಯ್ದುಕೊಳ್ಳುವುದು ಓದುಗರಿಗೆ ಕಿರಿಕಿರಿಯಾಗುತ್ತದೆ. ಆದರೆ ಇಡೀ ಕತೆಯ ನ್ಯಾಯ ಈ ಪುಟಗಳಲ್ಲಿದೆ. ತನಗೆ ಅನ್ಯಾಯವಾಗಿದೆ ಎಂದು ಹೇಳುವ ಮುಂಚೆ ಅವನು ಎದುರು ಪಕ್ಷದ ವಕೀಲನೂ ಆಗುತ್ತಾನೆ. ಬಂಡಾಯಗಾರನ ಚಿತ್ರ ಬರೆಯುವ ನಮ್ಮಲ್ಲಿ ಎಷ್ಟು ಜನ ಈ ಕಷ್ಟ ತೆಗೆದುಕೊಳ್ಳುತ್ತೇವೆ?

ಆಮೇಲೆ ಅವನು ಫಿರ್ಯಾದು ಕೊಡುತ್ತಾನೆ. ಫಿರ್ಯಾದು ಎಂಬುದು ಕನ್ನಡದ ಕೋರ್ಟು ಕಚೇರಿಯಲ್ಲಿ ಒಂದು ಕಾಗದದ ಹೆಸರು. ಉರ್ದುವಿನಲ್ಲಿ ಫರಿಯಾದ್ ಎಂದರೆ ಕಾಗದಕ್ಕಿಂತ ಮೊದಲು ಕೂಗು, ಗೋಳು. ಕೋಲ್‌ಹಾಸನ ಕೂಗು ಕಾಗದವಾಗಿ ಡ್ರೆಸ್ಡೆನ್‌ಗೆ ಹೋಗುತ್ತದೆ. ಅಲ್ಲಿನ ದರಬಾರಿನಲ್ಲಿ ಟ್ರೋಂಕಾನ ನೆಂಟರಿದ್ದಾರೆ, ಮೊಕದ್ದಮೆ ವಜಾ ಆಗುತ್ತದೆ. ತನ್ನ ಸೀಮೆಯ ದೊರೆಗೆ ಅರ್ಜಿ ಬರೆಯುತ್ತಾನೆ. ಅದು ಹೋಗಿ ಬೀಳುವುದು ಟ್ರೋಂಕಾಗಳಿಗೆ ಸಂಬಂಧಿಕನಾದ ಮಂತ್ರಿಯ ಮೇಜಿನ ಮೇಲೆ. ಕೊನೆಗೆ ಹೆಂಡತಿ ಲಿಸ್‌ಬೆತ್ ತಾನೇ ಬರ್ಲಿನ್‌ಗೆ ಹೋಗಿ ದೊರೆಯ ಕೈಗೆ ಅರ್ಜಿ ಕೊಡುತ್ತೇನೆ ಎಂದು ಹೊರಡುತ್ತಾಳೆ. ಕಾವಲುಗಾರನೊಬ್ಬ ಈಟಿಯ ಹಿಡಿಯಿಂದ ಅವಳ ಎದೆಗೆ ತಿವಿಯುತ್ತಾನೆ. ಮನೆಗೆ ಬಂದು ಸಾಯುತ್ತಾಳೆ.

ಈಗ ಜಾನ್ ಲಾಕ್‌ನನ್ನು ಕರೆಯಬಹುದು. 1689ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಸರಕಾರ ಕುರಿತ ಪ್ರಬಂಧಗಳಲ್ಲಿ ಅವನು ಹೇಳುವುದು ಇಷ್ಟು: ಕಾನೂನಿನ ಬಾಗಿಲು ತೆರೆದಿರುವವರೆಗೆ ಬಲಪ್ರಯೋಗ ಕೂಡದು. ಆದರೆ ಬಾಗಿಲು ತೆರೆದಂತೆ ಕಂಡರೂ ಒಳಗೆ ನ್ಯಾಯವನ್ನು ಎದ್ದು ಕಾಣುವ ಹಾಗೆ ತಿರುಚಿದ್ದರೆ, ಅದು ಯುದ್ಧದ ಸ್ಥಿತಿಯೇ ಸರಿ. ಕೋಲ್‌ಹಾಸನ ಮೊಕದ್ದಮೆಗೆ ಇದಕ್ಕಿಂತ ಒಳ್ಳೆಯ ವಕಾಲತ್ತು ಬೇಕಿಲ್ಲ. ಆದರೆ ಅದೇ ಪುಸ್ತಕದಲ್ಲಿ ಲಾಕ್ ಇನ್ನೊಂದು ಮಾತು ಹೇಳುತ್ತಾನೆ. ಹೀಗೆ ಹಕ್ಕು ಕೊಟ್ಟರೆ ದಿನಾ ದಂಗೆಯಾಗುತ್ತದೆ ಎಂದು ಹೆದರುವವರನ್ನು ಸಮಾಧಾನಪಡಿಸಲು, ನೊಂದವರು ಒಬ್ಬಿಬ್ಬರೇ ಆಗಿದ್ದರೆ ಅವರಿಗೆ ಹಕ್ಕಿದ್ದರೂ ಸರಕಾರಕ್ಕೆ ಏನೂ ಆಗುವುದಿಲ್ಲ, ಹುಚ್ಚನೊಬ್ಬ ರಾಜ್ಯ ಉರುಳಿಸಲಾರದ ಹಾಗೆ ಅವರೂ ಉರುಳಿಸಲಾರರು ಎನ್ನುತ್ತಾನೆ. ಪ್ರಭುತ್ವದ ದೃಷ್ಟಿಯಿಂದ ಇದು ಸಮಾಧಾನ. ಆ ಒಬ್ಬನ ದೃಷ್ಟಿಯಿಂದ ಓದಿ ನೋಡಿ. ನಿನಗೆ ಹಕ್ಕಿದೆ, ಅದರಿಂದ ಏನೂ ಆಗದು ಎಂದಂತಾಯಿತು.

ಕಾಂಟ್‌ನದು ಇನ್ನೂ ಗಟ್ಟಿ ಗೋಡೆ. 1793ರ ಒಂದು ಪ್ರಬಂಧದಲ್ಲಿ ಅವನು ಪರಮಾಧಿಕಾರದ ವಿರುದ್ಧ ಬಲದಿಂದ ಎದ್ದು ನಿಲ್ಲುವ ಹಕ್ಕನ್ನು ಪೂರಾ ನಿರಾಕರಿಸಿದ. ದೊರೆ ಮತ್ತು ಪ್ರಜೆಯ ನಡುವೆ ತೀರ್ಪು ಕೊಡಲು ಮೂರನೆಯವನೊಬ್ಬ ಬೇಕು, ಅವನಿದ್ದರೆ ಅವನೇ ದೊರೆಯಾಗಿಬಿಡುತ್ತಾನೆ ಎನ್ನುವುದು ಅವನ ತರ್ಕ. ಪ್ರಜೆಗೆ ಉಳಿದಿರುವುದು ಲೇಖನಿಯ ಸ್ವಾತಂತ್ರ್ಯ, ಅಂದರೆ ದೂರು ಹೇಳಿಕೊಳ್ಳುವ ಸ್ವಾತಂತ್ರ್ಯ. ಇದೇ ಕಾಂಟ್ ಫ್ರೆಂಚ್ ಕ್ರಾಂತಿಯನ್ನು ದೂರದಿಂದ ನೋಡಿದವರ ಉತ್ಸಾಹದಲ್ಲಿ ಮನುಕುಲದ ನೈತಿಕ ಏಳಿಗೆಯ ಗುರುತನ್ನು ಕಂಡ ಎನ್ನುವುದು ತಮಾಷೆಯ ಸಂಗತಿ. 1801ರ ಹೊತ್ತಿಗೆ ಕಾಂಟ್‌ನನ್ನು ಓದಿ ಕ್ಲೈಸ್ಟ್ ತತ್ತರಿಸಿಹೋಗಿದ್ದ. ಅದು ಜ್ಞಾನದ ಕುರಿತ ಪ್ರಶ್ನೆಯಿಂದ, ರಾಜಕೀಯದಿಂದಲ್ಲ. ಆದರೂ ಲಿಸ್‌ಬೆತ್‌ಳ ಕೈಯಲ್ಲಿದ್ದ ಅರ್ಜಿಯನ್ನು ಕಾಂಟ್‌ನ ಲೇಖನಿಗೆ ಎದುರಾಗಿ ಇಟ್ಟು ಓದದೆ ಇರಲು ನನಗಾಗುವುದಿಲ್ಲ.

ಹೆಂಡತಿಯನ್ನು ಮಣ್ಣು ಮಾಡಿ ಕೋಲ್‌ಹಾಸ್ ಫರ್ಮಾನು ಬರೆಯುತ್ತಾನೆ. ಮೂರು ದಿನದೊಳಗೆ ಜಹಗೀರುದಾರ ಕುದುರೆಗಳನ್ನು ತಂದು, ತನ್ನ ಲಾಯದಲ್ಲಿ ತಾನೇ ಮೇವು ಹಾಕಿ ಮೊದಲಿನಂತೆ ಮಾಡಿಕೊಡಬೇಕು. ಉತ್ತರವಿಲ್ಲ. ಕೋಟೆಗೆ ಬೆಂಕಿ ಬೀಳುತ್ತದೆ. ಟ್ರೋಂಕಾ ತಪ್ಪಿಸಿಕೊಂಡು ವಿಟೆನ್‌ಬರ್ಗ್ ಸೇರಿದಾಗ ಆ ಊರಿಗೆ ಒಂದಲ್ಲ, ಮೂರು ಸಲ ಬೆಂಕಿ. ಆ ಮನೆಗಳಲ್ಲಿ ಇದ್ದವರಾರು? ಕುದುರೆಗಳ ಮುಖ ನೋಡದವರು. ಜನ ಕೂಡಿದಂತೆ ಅವನು ತನ್ನನ್ನು ಮಿಖಾಯೆಲ್ ದೇವದೂತನ ಪ್ರತಿನಿಧಿ ಎಂದು ಕರೆದುಕೊಳ್ಳುತ್ತಾನೆ. ತನ್ನ ಬಿಡಾರವನ್ನು ಹಂಗಾಮಿ ಜಗತ್ಸರಕಾರದ ಪೀಠ ಎಂದು ಘೋಷಿಸುತ್ತಾನೆ. ಕೋಲ್‌ಹಾಸನ ಹಕ್ಕು ಮುಗಿದದ್ದು ಇಲ್ಲಿ ಎಂದು ನನ್ನ ಅಭಿಪ್ರಾಯ. ಟ್ರೋಂಕಾ ರಸ್ತೆಗೆ ಅಡ್ಡಗಂಬ ನೆಟ್ಟು, ಇಲ್ಲದ ಕಾನೂನು ಹೇಳಿದ್ದ. ಈಗ ಇವನೂ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಅಡ್ಡಗಂಬ. ಹೆರ್ಸೆಯನ್ನು ಪಾಟೀಸವಾಲು ಮಾಡಿದ್ದ ಮನುಷ್ಯ ಕಳೆದುಹೋಗಿದ್ದಾನೆ.

ಪೂರ್ತಿ ಕಳೆದುಹೋಗಿಲ್ಲ ಎನ್ನುವುದಕ್ಕೆ ಲೂಥರ್‌ನ ಪ್ರಸಂಗ ಸಾಕ್ಷಿ. 1525ರಲ್ಲಿ ದಂಗೆಯೆದ್ದ ರೈತರನ್ನು ಬಡಿಯಿರಿ ಎಂದು ಪ್ರಭುಗಳಿಗೆ ಹೇಳಿದ್ದ ಧರ್ಮಗುರು ಇವನೇ. ಕತೆಯಲ್ಲಿ ಕೋಲ್‌ಹಾಸ್ ರಾತ್ರಿ ಹೊತ್ತು ಗುಟ್ಟಾಗಿ ಅವನ ಕೋಣೆಗೆ ಬರುತ್ತಾನೆ. ಸಮಾಜದೊಳಗಿದ್ದೇ ಸಮಾಜದ ಮೇಲೆ ಯುದ್ಧ ಮಾಡುತ್ತೀಯಾ ಎಂದು ಲೂಥರ್ ಗದರುತ್ತಾನೆ. ಕಾನೂನಿನ ಆಸರೆ ಸಿಗದವನನ್ನು ಸಮಾಜ ಆಗಲೇ ಹೊರಗೆ ಹಾಕಿದೆ, ನಾನು ಒಳಗೆಲ್ಲಿದ್ದೇನೆ ಎನ್ನುವುದು ವ್ಯಾಪಾರಿಯ ಉತ್ತರ. ಲೂಥರ್‌ಗೆ ಇದಕ್ಕೆ ಜವಾಬು ಹೊಳೆಯುವುದಿಲ್ಲ. ದೊರೆಗೆ ಪತ್ರ ಬರೆದು ಅವನಿಗೆ ಅಭಯ ಕೊಡಿಸುತ್ತಾನೆ. ಶತ್ರುವನ್ನು ಕ್ಷಮಿಸದ ಹೊರತು ಪ್ರಸಾದ ಮಾತ್ರ ಕೊಡುವುದಿಲ್ಲ.

ಡ್ರೆಸ್ಡೆನ್‌ನ ಸಂತೆಕಟ್ಟೆಯ ದೃಶ್ಯವೊಂದನ್ನು ನಮ್ಮ ಓದುಗರಿಗೆ ಹೇಳಲೇಬೇಕು. ಸಾಯುವ ಸ್ಥಿತಿಯ ಕುದುರೆಗಳು ಕೊನೆಗೆ ಸಿಗುವುದು ಸತ್ತ ಪ್ರಾಣಿಯ ಚರ್ಮ ಸುಲಿಯುವವನ ಬಳಿ. ಅವನು ಮುಟ್ಟಿದ ಕುದುರೆ ಮುಟ್ಟಿದರೆ ತನ್ನ ಮಾನ ಹೋಗುತ್ತದೆಂದು ಆಳೊಬ್ಬ ಹಗ್ಗ ಬಿಚ್ಚಲು ಒಪ್ಪುವುದಿಲ್ಲ. ದೊಂಬಿಯೇ ಆಗುತ್ತದೆ. ಅಲ್ಲಿಯವರೆಗೆ ಕೋಲ್‌ಹಾಸನ ಕಡೆಗಿದ್ದ ಜನ ಈಗ ಅವನ ವಿರುದ್ಧ ತಿರುಗುತ್ತಾರೆ. ಮೈಲಿಗೆಯ ಲೆಕ್ಕಾಚಾರ ಗೊತ್ತಿರುವ ನಮಗೆ ಇದಕ್ಕೆ ಅಡಿಟಿಪ್ಪಣಿ ಬೇಡ. ಲಾಕ್ ನಂಬಿದ ಜನತೆ ಹೀಗೂ ಇರುತ್ತದೆ.

ಇಪ್ಪತ್ತನೇ ಶತಮಾನ ಈ ಪ್ರಶ್ನೆಯನ್ನು ಎಷ್ಟು ಬಿಡಿಸಿತು? 1971ರಲ್ಲಿ ಜಾನ್ ರಾಲ್ಸ್ ಕಾನೂನುಭಂಗವನ್ನು ಒಪ್ಪಿದ. ಅದು ಬಹಿರಂಗವಾಗಿರಬೇಕು, ಅಹಿಂಸೆಯಾಗಿರಬೇಕು, ಶಿಕ್ಷೆಗೆ ಸಿದ್ಧವಿರಬೇಕು. ಆದರೆ ಅವನು ಯೋಚಿಸಿದ್ದು ಬಹುಮಟ್ಟಿಗೆ ನ್ಯಾಯವಾಗಿರುವ ಸಮಾಜದ ಬಗ್ಗೆ. ಹಾನಾ ಆರೆಂಟ್ 1970ರ ಪ್ರಬಂಧದಲ್ಲಿ, ಆತ್ಮಸಾಕ್ಷಿಗಾಗಿ ಒಂಟಿಯಾಗಿ ನಿಲ್ಲುವವನೇ ಬೇರೆ, ಕೂಡಿ ಕಾನೂನು ಮೀರುವವರೇ ಬೇರೆ ಎಂದಳು. ಕೋಲ್‌ಹಾಸನ ಜರ್ಮನಿಯೇ 1968ರಲ್ಲಿ ಪ್ರತಿರೋಧದ ಹಕ್ಕನ್ನು ಸಂವಿಧಾನದ 20ನೇ ಕಲಮಿಗೆ ಸೇರಿಸಿತು. ಬೇರೆ ಯಾವ ಪರಿಹಾರವೂ ಇಲ್ಲದಾಗ ಎಲ್ಲ ಜರ್ಮನರಿಗೂ ಆ ಹಕ್ಕಿದೆ. ಯಾರ ವಿರುದ್ಧ? ಸಂವಿಧಾನದ ವ್ಯವಸ್ಥೆಯನ್ನೇ ಕೆಡವಲು ಹೊರಟವರ ವಿರುದ್ಧ. ಇದು ದೊಡ್ಡ ಮಾತು, ನಿಜ. ಆದರೆ ವ್ಯವಸ್ಥೆ ಎಂದಿನಂತೆ ನಡೆಯುತ್ತಿರುವಾಗ, ಎಂದಿನಂತೆ ನೆಂಟಸ್ತಿಕೆಯಲ್ಲಿ ಅರ್ಜಿ ಮುಳುಗಿದವನಿಗೆ ಆ ಕಲಮು ಏನೂ ಹೇಳುವುದಿಲ್ಲ.

ಕೊಟ್ಟ ಅಭಯವನ್ನು ಸ್ಯಾಕ್ಸನಿ ಮುರಿಯುತ್ತದೆ. ಬ್ರಾಂಡೆನ್‌ಬುರ್ಗ್‌ನ ದೊರೆ ಅಡ್ಡ ಬಂದು ಅವನನ್ನು ಬರ್ಲಿನ್‌ಗೆ ಕರೆಸಿಕೊಳ್ಳುತ್ತಾನೆ. ಇತಿಹಾಸದಲ್ಲೂ ಹಾನ್ಸ್ ಕೋಲ್‌ಹಾಸೆ ಎಂಬ ವ್ಯಾಪಾರಿಯನ್ನು ಕೊಂದದ್ದು ಅಲ್ಲಿಯೇ, 1540ರಲ್ಲಿ. ಕತೆಯ ಕೊನೆಯಲ್ಲಿ ವಧಾಸ್ಥಾನಕ್ಕೆ ಎರಡು ಕಪ್ಪು ಕುದುರೆಗಳನ್ನು ತರುತ್ತಾರೆ. ಮೈತುಂಬಿ ಮಿಂಚುತ್ತಿವೆ. ಟ್ರೋಂಕಾಗೆ ಎರಡು ವರ್ಷ ಸೆರೆ. ವ್ಯಾಪಾರಿಗೆ ಶಿರಚ್ಛೇದ. ಅವನು ಎರಡನ್ನೂ ತೃಪ್ತಿಯಿಂದ ಒಪ್ಪುತ್ತಾನೆ. ವಿಮರ್ಶಕರು ಈ ಸಮತೋಲವನ್ನು ಮೆಚ್ಚಿ ಬರೆದಿದ್ದಾರೆ. ದೊರೆ ಅವನಿಗೆ ಲೆಕ್ಕ ಒಪ್ಪಿಸುವುದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಕುದುರೆಗಳು ಬಂದವು. ಹೆರ್ಸೆ ಕಳೆದುಕೊಂಡ ಕೊರಳವಸ್ತ್ರ, ನಾಣ್ಯ, ಬಟ್ಟೆಬರೆ ಬಂದವು. ಹೋರಾಟದಲ್ಲಿ ಸತ್ತುಹೋದ ಆ ಆಳಿನ ಔಷಧದ ಖರ್ಚೂ ಬಂತು. ಲಿಸ್‌ಬೆತ್‌ಳ ಹೆಸರು ಆ ಪಟ್ಟಿಯಲ್ಲಿಲ್ಲ. ಅವಳ ಎದೆಗೆ ತಿವಿದ ಕಾವಲುಗಾರ ಸ್ಯಾಕ್ಸನಿಯವನಲ್ಲ, ಈಗ ನ್ಯಾಯ ಹಂಚುತ್ತ ನಿಂತಿರುವ ಇದೇ ದೊರೆಯ ಬಾಗಿಲಲ್ಲಿದ್ದವನು. ಅವನ ಮೇಲೆ ಮೊಕದ್ದಮೆ ನಡೆದದ್ದು ಕತೆಯಲ್ಲಿ ಎಲ್ಲೂ ಬರುವುದಿಲ್ಲ. ಕೋಲ್‌ಹಾಸನೂ ಕೇಳುವುದಿಲ್ಲ.