ಕಿವಿಗೆ ಕಾಣುವ ಊರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮನೆಗಳಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತದೆ. ಒಳಗಿನ ನೀರು ಇಂಗಿತೇ, ತಿರುಳು ಚಿಪ್ಪು ಬಿಟ್ಟಿತೇ ಎಂಬುದು ಕಣ್ಣಿಗೆ ತಿಳಿಯದು. ಅಲ್ಲಾಡಿಸಿ ನೋಡಬೇಕು: ನೀರಿದ್ದರೆ ಕುಳುಕುಳು, ಒಣಗಿದ್ದರೆ ಗಿಟುಕು ಚಿಪ್ಪಿಗೆ ಬಡಿದು ಲೊಟಲೊಟ. ಸದ್ದನ್ನೇ ಸಾಕ್ಷಿಯೆಂದು ನಂಬುವ ಈ ಸೀಮೆಯವರಿಗೆ ನನ್ನ ಮಾತು ವಿಚಿತ್ರವೆನಿಸಲಾರದು. ತೆರೆಯ ಮೇಲೆ ಒಂದು ಊರನ್ನು ನಂಬಿಸುವ ಶಕ್ತಿ ಬಣ್ಣಕ್ಕಿಂತ ದಿನನಿತ್ಯದ ಸದ್ದಿಗೇ ಹೆಚ್ಚು.

ಮೂಕಿ ಚಿತ್ರಗಳಿಗೆ ಬಣ್ಣವೇ ಇರಲಿಲ್ಲ ಎಂಬುದು ತಪ್ಪು ತಿಳಿವಳಿಕೆ. ರಾತ್ರಿಗೆ ನೀಲಿ, ದೀಪಕ್ಕೆ ಹೊಂಬಣ್ಣ, ಬೆಂಕಿಗೆ ಕೆಂಪು ಎಂದು ಫಿಲ್ಮನ್ನೇ ಬಣ್ಣದಲ್ಲಿ ಅದ್ದುತ್ತಿದ್ದರು. ಟಾಕಿ ಬಂದಾಗ ಸದ್ದಿನ ಪಟ್ಟಿ ಚಿತ್ರದ ಪಕ್ಕದಲ್ಲೇ ಅಚ್ಚಾಗತೊಡಗಿತು. ಅದರ ಮೂಲಕ ಹಾಯುವ ಬೆಳಕಿನಿಂದಲೇ ಧ್ವನಿ ಹುಟ್ಟಬೇಕು. ಅದ್ದಿದ ಬಣ್ಣ ಆ ಬೆಳಕನ್ನು ಹೀರಿ ಧ್ವನಿಯನ್ನು ಕೆಡಿಸುತ್ತಿತ್ತು. 1929ರಲ್ಲಿ ಕೊಡಾಕ್ ಕಂಪನಿ ಧ್ವನಿಗೆ ಅಡ್ಡಬಾರದ ಬಣ್ಣದ ಫಿಲ್ಮ್ ತಂದರೂ ರೂಢಿ ಕಪ್ಪು-ಬಿಳುಪಿಗೇ ವಾಲಿತು. 1934ರ ಮಾರ್ಚಿನಲ್ಲಿ ಬಿಡುಗಡೆಯಾದ ವೈ.ವಿ. ರಾವ್ ಅವರ ‘ಸತಿ ಸುಲೋಚನ’ದಿಂದ ಕನ್ನಡ ಸಿನಿಮಾಕ್ಕೆ ಮಾತು, ಹಾಡು ಸಿಕ್ಕವು. ಪೂರ್ತಿ ಬಣ್ಣ ಬಂದದ್ದು ಮೂವತ್ತು ವರ್ಷ ಕಳೆದು, 1964ರಲ್ಲಿ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯಲ್ಲಿ. ಬಣ್ಣ ಬಂದದ್ದು ದೊಡ್ಡ ಸುದ್ದಿಯಾಯಿತು. ಬಾವಿಯ ರಾಟೆ, ಎತ್ತಿನ ಗೊರಸು, ಗರಿಗೆ ಗರಿ ಉಜ್ಜುವ ಸರಸರ ಯಾವಾಗ ಬಂದವೆಂದು ಯಾರೂ ಲೆಕ್ಕವಿಡಲಿಲ್ಲ.

ಟಾಕಿಯ ಮೊದಲ ದಿನಗಳ ಸಲಕರಣೆಗೆ ಇಂಥ ಸದ್ದು ಹಿಡಿಯುವುದು ಸಾಧ್ಯವಿತ್ತೇ ಎಂದು ಕೇಳಬಹುದು. ಕ್ಯಾಮೆರಾದ ಸದ್ದನ್ನೇ ಅಡಗಿಸಲು ಒದ್ದಾಡುತ್ತಿದ್ದ ಕಾಲ. ನಾಟಕ ಕಂಪನಿಗಳಿಂದ ಬಂದ ನಟರು. ಹಾಡಿಗಾಗಿ ಕಾದಿದ್ದ ಜನ. ಇದೆಲ್ಲ ನಿಜ. ಆದರೆ 1930ರಲ್ಲೇ ಸೋವಿಯತ್ ನಿರ್ದೇಶಕ ಜಿಗಾ ವೆರ್ಟೊವ್ ಧ್ವನಿಯಂತ್ರವನ್ನು ದೊನ್ಬಾಸಿನ ಗಣಿ, ಕಾರ್ಖಾನೆಗಳಿಗೆ ಒಯ್ದಿದ್ದ. ಮರುವರ್ಷದ, ಜರ್ಮನಿಯ ಫ್ರಿಟ್ಜ್ ಲಾಂಗನ ‘ಎಂ’ ಚಿತ್ರದಲ್ಲಿ ಬಲೂನು ಮಾರುವ ಕುರುಡ ಕೊಲೆಗಾರನನ್ನು ಗುರುತಿಸುವುದು ಅವನ ಸಿಳ್ಳೆಯಿಂದ. ಬಂಡವಾಳ ಬೇರೆ, ಪರಿಸ್ಥಿತಿ ಬೇರೆ, ಒಪ್ಪಿದೆ; ಕಿವಿಯ ಮೇಲೆ ಆ ನಂಬಿಕೆಯಾದರೂ ನಮಗೆ ಬರಬಹುದಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸಿನಿಮಾದ ಸದ್ದೇ ಸುಳ್ಳಲ್ಲವೇ? ಕುದುರೆಯ ಓಟಕ್ಕೆ ತೆಂಗಿನ ಚಿಪ್ಪಿನ ಎರಡು ಹೋಳು ಕುಟ್ಟುವುದು ಪ್ರಸಿದ್ಧ ಉಪಾಯ. ಪಕ್ಕದ ಗುಬ್ಬಿಯ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಕಣ್ಣು ಕುದುರೆಯನ್ನೇ ಕೇಳಿತು, ಕಿವಿ ಚಿಪ್ಪಿಗೇ ಒಪ್ಪಿತು. ಹಾಗಾದರೆ ಕಿವಿಯೇ ಸುಲಭವಾಗಿ ಮೋಸಹೋಗುತ್ತದಲ್ಲ? ಇಲ್ಲ. ನಡಿಗೆಗೂ ನಾಗಾಲೋಟಕ್ಕೂ, ಹಸಿಮಣ್ಣಿಗೂ ಕಲ್ಲುಹಾಸಿಗೂ ಒಂದೇ ಬಡಿತ ಹಾಕಿ ನೋಡಿ, ಕಿವಿ ಕೂಡಲೇ ತಿರಸ್ಕರಿಸುತ್ತದೆ. ಸದ್ದು ಎಲ್ಲಿಂದ ಹುಟ್ಟಿತೆಂದು ಕಿವಿ ಕೇಳುವುದಿಲ್ಲ. ಚಲನೆಯ ಲಯ, ನೆಲದ ಗುಣ ಸರಿಯಿರಬೇಕು. ಒಂದು ಸೀಮೆಯ ಗುರುತಿರುವುದೂ ಅವುಗಳಲ್ಲೇ.

ಬಣ್ಣ ಕೈಗೆ ಸಿಕ್ಕು ಹನ್ನೊಂದು ವರ್ಷವಾದ ಮೇಲೂ ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು (1975) ಕಪ್ಪು-ಬಿಳುಪಿನಲ್ಲಿ ತೆಗೆದರು. ಚೋಮನ ಸಂಕಟವೆಲ್ಲ ದುಡಿಯ ಬಡಿತದಲ್ಲಿದೆ. ಅಲ್ಲಿ ಹಸಿರಿನ ಕೊರತೆ ಕಾಡುವುದಿಲ್ಲ. ಈಗ ತೋಟದ ಹಸಿರನ್ನು ಡ್ರೋನಿನಿಂದ ತೋರಿಸಿ ಮೇಲೊಂದು ಕೊಳಲು ಹಚ್ಚುವುದು ಅಭ್ಯಾಸವಾಗಿದೆ. ಆ ಹಸಿರು ಪೊಳ್ಳಾಚಿಯಲ್ಲೂ ಅದೇ. ಉಂಡೆ ಒಡೆಯದಂತೆ ಹುಷಾರಾಗಿ ಚಿಪ್ಪು ಬಿಡಿಸುವ ಪಟಪಟ ಕೇಳಿಸಿದರೆ ಮಾತ್ರ ಅದು ತಿಪಟೂರೆಂದು ನಂಬಬಹುದು.