ಒಂದೇ ಡಿಸ್ಕಿನ ಮೇಲೆ ಮೂರು ಪ್ರತಿ

ಡೇಟಾವನ್ನು ಹಲವು ಸರ್ವರುಗಳಲ್ಲಿ ಹಂಚಿಟ್ಟು, ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುವಂತೆ ನೋಡಿಕೊಳ್ಳುವ ತಂತ್ರಾಂಶ ಬರೆಯಬೇಕಾದರೆ ಹಲವು ಸರ್ವರುಗಳು ಬೇಕು. ಆದರೆ ಮುಂಬೈಯ ದಾದರಿನ ಒಂದು ಬಿಎಚ್‌ಕೆ ಮನೆಯಲ್ಲಿ ಕೂತು ಈ ಕೆಲಸಕ್ಕೆ ಕೈಹಾಕಿದವರ ಬಳಿ ಇರುವುದು ಒಂದು ಲ್ಯಾಪ್‌ಟಾಪ್. ಮೂರು ಯಂತ್ರ ಇಡಲು ಮನೆಯಲ್ಲಿ ಜಾಗವಿಲ್ಲ, ಹಗಲೂ ರಾತ್ರಿ ಅವು ಓಡಿದರೆ ಬರುವ ಕರೆಂಟು ಬಿಲ್ಲನ್ನು ಮನೆಯವರು ಸಹಿಸುವುದೂ ಇಲ್ಲ. ಹಾಗಾಗಿ ಎಲ್ಲರೂ ಹಿಡಿದಿರುವ ದಾರಿ ಕಂಟೇನರ್. ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ಕಂಟೇನರ್ ಎಬ್ಬಿಸಿ, ಅವನ್ನೇ ಮೂರು ಸರ್ವರುಗಳೆಂದು ನಂಬಿ ಕೋಡ್ ಬರೆಯುವುದು ಈಗಿನ ರೂಢಿ. ಇದರ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಡ್ ಬರೆಯಲು, ಕಂಪೈಲ್ ಮಾಡಲು, ಸರ್ವರುಗಳು ಪರಸ್ಪರ ಸರಿಯಾಗಿ ಮಾತಾಡುತ್ತಿವೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಂಡಿಲ್ಲ. ಕರೆಂಟು ಹೋದ ಮೇಲೂ ಡೇಟಾ ಉಳಿಯುತ್ತದೆ ಎಂದು ಸಾಕ್ಷಿ ನುಡಿಯುವ ಯೋಗ್ಯತೆ ಮಾತ್ರ ಇದಕ್ಕಿಲ್ಲ. ತೊಂದರೆ ಶುರುವಾಗುವುದು, ಮೊದಲನೆಯದಕ್ಕೆ ಕಟ್ಟಿದ ಏರ್ಪಾಡನ್ನು ಎರಡನೆಯದಕ್ಕೂ ಸಾಕೆಂದುಕೊಂಡಾಗ.

ಕನ್ನಡಿಗರಿಗೆ ಈ ಕ್ಷೇತ್ರ ಹೊಸದೇನಲ್ಲ. ಗ್ಲಸ್ಟರ್ ಎಫ್‌ಎಸ್ ಎಂಬ ಮುಕ್ತ ತಂತ್ರಾಂಶದ ಬಹುಪಾಲು ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಅದರ ಹಿಂದಿದ್ದ ಗ್ಲಸ್ಟರ್ ಕಂಪನಿಯನ್ನು ರೆಡ್ ಹ್ಯಾಟ್ 2011ರಲ್ಲಿ ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಗ್ಲಸ್ಟರಿನ ಪ್ರತಿಸ್ಪರ್ಧಿಯಂತಿದ್ದ ಸೆಫ್, ಸೇಜ್ ವೈಲ್ ಅವರು ಸಾಂಟಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗಾಗಿ ಮಾಡಿದ ಕೆಲಸದಿಂದ ಹುಟ್ಟಿತು. ಅದನ್ನು ಬೆಳೆಸುತ್ತಿದ್ದ ಇಂಕ್‌ಟ್ಯಾಂಕ್ ಕಂಪನಿಯೂ 2014ರಲ್ಲಿ ರೆಡ್ ಹ್ಯಾಟ್ ಪಾಲಾಯಿತು. ಗ್ಲಸ್ಟರ್ ತಂಡದಲ್ಲಿ ಪಳಗಿದ ಅಮರ್ ತುಂಬಳ್ಳಿ ಮತ್ತು ಅರವಿಂದ ವಿ.ಕೆ. ಮುಂದೆ ‘ಕಡಲು’ ಎಂಬ ಹೆಸರಿನಲ್ಲಿ ತಮ್ಮದೇ ಯೋಜನೆ ಕಟ್ಟಿದರು. ‘ಗುಬ್ಬಿ’ ಮತ್ತು ‘ನವಿಲು’ ಫಾಂಟುಗಳನ್ನು ಕನ್ನಡಕ್ಕೆ ಕೊಟ್ಟ ಅರವಿಂದ ಇವರೇ.

ಕಂಟೇನರ್ ಎಂದರೆ ಬೇರೆ ಯಂತ್ರವಲ್ಲ, ಗೋಡೆ ಕಟ್ಟಿ ಕೂರಿಸಿದ ಒಂದು ಪ್ರೋಗ್ರಾಂ. ಅದಕ್ಕೆ ತನ್ನದೇ ಫೈಲುಗಳು, ತನ್ನದೇ ನೆಟ್‌ವರ್ಕ್ ವಿಳಾಸ, ತನ್ನದೇ ಹೋಸ್ಟ್‌ನೇಮ್ ಇವೆ ಎಂದು ತೋರುವಂತೆ ಲಿನಕ್ಸ್ ಕರ್ನಲ್ ನೋಡಿಕೊಳ್ಳುತ್ತದೆ. ಒಂದೊಂದು ಗುಂಪಿಗೂ ಇಷ್ಟೇ ಮೆಮೊರಿ, ಇಷ್ಟೇ ಸಿಪಿಯು ಎಂದು ಕಟ್ಟುಹಾಕುವ ಸೌಲಭ್ಯ 2008ರ ಹೊತ್ತಿಗೇ ಕರ್ನಲ್ಲಿಗೆ ಸೇರಿತ್ತು. ಅದನ್ನು ಸಾಮಾನ್ಯ ಪ್ರೋಗ್ರಾಮರುಗಳ ಕೈಗೆಟುಕಿಸಿದ್ದು 2013ರಲ್ಲಿ ಬಂದ ಡಾಕರ್. ನೆನಪಿಡಬೇಕಾದ ಸಂಗತಿ ಒಂದೇ: ಎಷ್ಟು ಕಂಟೇನರ್ ಎಬ್ಬಿಸಿದರೂ ಅವುಗಳಡಿ ಇರುವ ಕರ್ನಲ್ ಒಂದೇ, ಗಡಿಯಾರ ಒಂದೇ, ಡಿಸ್ಕೂ ಒಂದೇ. ಈ ರೂಢಿಯ ಗುಣದೋಷಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಮೊದಲು ಗುಣ. ಸೆಫ್‌ನಂಥ ದೊಡ್ಡ ಸೋರ್ಸ್ ಕೋಡನ್ನು ಬರಿಯ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಲು ಹೊರಟವರಿಗೆ ಇದರ ಬೆಲೆ ಗೊತ್ತು. ಅದಕ್ಕೆ ಬೇಕಾದ ಲೈಬ್ರರಿಗಳ ಪಟ್ಟಿ ದೊಡ್ಡದು, ಕಂಪೈಲರಿನ ಆವೃತ್ತಿಯೂ ಹೊಂದಬೇಕು. ನಿಮ್ಮದು ಒಂದು ಬಗೆಯ ಲಿನಕ್ಸ್, ಸಹೋದ್ಯೋಗಿಯದು ಇನ್ನೊಂದು ಎಂದಾದರೆ ‘ನನ್ನಲ್ಲಿ ಓಡುತ್ತದೆ, ನಿನ್ನಲ್ಲಿ ಯಾಕಿಲ್ಲ’ ಎಂಬ ಜಗಳದಲ್ಲೇ ಅರ್ಧ ದಿನ ಹೋಗುತ್ತದೆ. ಬಿಲ್ಡ್‌ಗೆ ಬೇಕಾದ್ದನ್ನೆಲ್ಲ ಒಂದು ಇಮೇಜಿನಲ್ಲಿ (ಕಂಟೇನರುಗಳು ಏಳುವ ಅಚ್ಚಿನಲ್ಲಿ) ಕಟ್ಟಿಟ್ಟು, ಸೋರ್ಸ್ ಕೋಡನ್ನು ಮಾತ್ರ ಹೊರಗಿನಿಂದ ಜೋಡಿಸಿದರೆ ಆ ಜಗಳ ತೀರುತ್ತದೆ. ಮೆಮೊರಿಯ ಲೆಕ್ಕವೂ ಕೈಗೆ ಸಿಗುತ್ತದೆ. ಏಕಕಾಲಕ್ಕೆ ನಡೆಯುವ ಒಂದೊಂದು ಕಂಪೈಲ್ ಕೆಲಸಕ್ಕೂ ಸುಮಾರು ಎರಡೂವರೆ ಜಿಬಿ ಬೇಕೆಂದು ಸೆಫ್ ಯೋಜನೆಯೇ ಎಚ್ಚರಿಸುತ್ತದೆ. 16 ಜಿಬಿ ಲ್ಯಾಪ್‌ಟಾಪಿನಲ್ಲಿ ಇರುವ ಕೋರ್‌ಗಳನ್ನೆಲ್ಲ ಒಟ್ಟಿಗೆ ಬಿಟ್ಟರೆ ಮೆಮೊರಿ ಮುಗಿದು, ತೆರೆದಿಟ್ಟ ಬ್ರೌಸರ್ ಸಮೇತ ಎಲ್ಲ ನೆಲ ಕಚ್ಚುತ್ತದೆ. ಕಂಟೇನರಿಗೆ 10 ಜಿಬಿ ಮಿತಿ ಹಾಕಿ ನಾಲ್ಕು ಕೆಲಸ ಮಾತ್ರ ಬಿಟ್ಟರೆ, ಕೆಟ್ಟರೂ ಬಿಲ್ಡ್ ಒಂದೇ ಕೆಡುತ್ತದೆ. ಇಷ್ಟಕ್ಕೇ ಕಂಟೇನರ್ ಬಳಸಿದರೂ ಶ್ರಮ ಸಾರ್ಥಕ.

ಇನ್ನು ಸರ್ವರುಗಳನ್ನು ಒಂದು ಗುಂಪಾಗಿ ಸೇರಿಸುವ, ಅಂದರೆ ಕ್ಲಸ್ಟರ್ ಕಟ್ಟುವ ಭಾಗ. ಗ್ಲಸ್ಟರ್‌ನಲ್ಲಿ ಪ್ರತಿ ಸರ್ವರಿನಲ್ಲೂ ಗ್ಲಸ್ಟರ್‌ಡಿ ಎಂಬ ಸೇವೆ ಓಡುತ್ತದೆ. ಅದು ಮೊದಲ ಸಲ ಎದ್ದಾಗ ತನಗೊಂದು ಗುರುತಿನ ಸಂಖ್ಯೆ ಹುಟ್ಟಿಸಿಕೊಂಡು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಇಮೇಜ್ ಕಟ್ಟುವಾಗ ‘ಸರಿಯಾಗಿ ಓಡುತ್ತದೆಯೇ ನೋಡೋಣ’ ಎಂದು ಒಮ್ಮೆ ಚಾಲೂ ಮಾಡಿ, ಅದೇ ಸ್ಥಿತಿಯಲ್ಲಿ ಇಮೇಜನ್ನು ಉಳಿಸಿದರೆ ಕತೆ ಮುಗಿಯಿತು. ಅದರಿಂದ ಎದ್ದ ಮೂರೂ ಕಂಟೇನರುಗಳಿಗೆ ಒಂದೇ ಗುರುತು. ಮೊದಲನೆಯದರಿಂದ ಎರಡನೆಯದನ್ನು ಜೊತೆಗೆ ಸೇರಿಸಲು ಹೋದಾಗ, ಆ ಗುರುತು ನನ್ನದೇ ಆಗಿದೆಯಲ್ಲ ಎಂದು ಗ್ಲಸ್ಟರ್ ನಿರಾಕರಿಸುತ್ತದೆ. ದಾದರ್ ಸ್ಟೇಷನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಡಿಸೆಂಬರ್‌ವರೆಗೆ ಅಲ್ಲಿ ವೆಸ್ಟರ್ನ್ ಲೈನಿಗೊಂದು ಒಂದನೇ ಪ್ಲಾಟ್‌ಫಾರ್ಮ್, ಸೆಂಟ್ರಲ್ ಲೈನಿಗೊಂದು ಒಂದನೇ ಪ್ಲಾಟ್‌ಫಾರ್ಮ್ ಇತ್ತು. ಹೊಸಬರು ‘ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೇನೆ’ ಎಂದರೆ ಹುಡುಕುವವರು ಸೇತುವೆ ಹತ್ತಿ ಇಳಿಯಬೇಕಿತ್ತು. ಕೊನೆಗೆ ರೈಲ್ವೆ ವೆಸ್ಟರ್ನ್ ಕಡೆಯ 1ರಿಂದ 7 ಹಾಗೇ ಉಳಿಸಿ, ಸೆಂಟ್ರಲ್ ಕಡೆಗೆ 8ರಿಂದ 14 ಎಂದು ಸಂಖ್ಯೆ ಹಾಕಿತು. ಗ್ಲಸ್ಟರಿಗೂ ಮದ್ದು ಇದೇ: ಇಮೇಜ್ ಉಳಿಸುವ ಮೊದಲು ಆ ಗುರುತಿನ ಫೈಲನ್ನು ಅಳಿಸಿ, ಪ್ರತಿ ಕಂಟೇನರೂ ತಾನು ಎದ್ದಾಗಲೇ ಸ್ವಂತ ಸಂಖ್ಯೆ ಪಡೆಯುವಂತೆ ಮಾಡಬೇಕು. ಸೇವೆಯ ಸ್ಥಿತಿಯನ್ನು ಇಮೇಜಿನೊಳಗೆ ಬೇಯಿಸಬಾರದು ಎಂಬ ಪಾಠವನ್ನು ಕಂಟೇನರ್ ಇಷ್ಟು ಬೇಗ ಕಲಿಸುತ್ತದೆ. ಇದೂ ಅದರ ಗುಣವೇ.

ಮುಂದಿನ ಹೆಜ್ಜೆಯಲ್ಲಿ ದೋಷ ಇಣುಕುತ್ತದೆ. ಪ್ರತಿ ಫೈಲಿನ ಬೆನ್ನಿಗೂ ಗ್ಲಸ್ಟರ್ ತನ್ನ ಟಿಪ್ಪಣಿಗಳನ್ನು ಅಂಟಿಸುತ್ತದೆ. ಆ ಬಗೆಯ ಟಿಪ್ಪಣಿ ಬರೆಯಲು ಕರ್ನಲ್ ಎಲ್ಲರಿಗೂ ಅನುಮತಿ ಕೊಡುವುದಿಲ್ಲ, ನಿಜವಾದ ರೂಟ್ ಅಧಿಕಾರವೇ ಬೇಕು. ಹೀಗಾಗಿ ರೂಟ್ ಇಲ್ಲದೆ ಕಂಟೇನರ್ ಓಡಿಸುವ ಸುರಕ್ಷಿತ ವಿಧಾನ ಇಲ್ಲಿ ನಡೆಯುವುದಿಲ್ಲ. ಎಲ್ಲರೂ ಮಾಡುವುದು ಪ್ರಿವಿಲೆಜ್ಡ್ ಎಂಬ ಗುಂಡಿ ಒತ್ತಿ ಗೋಡೆಗಳನ್ನೇ ಕೆಡವುವುದು. ಇನ್ನು ಬ್ರಿಕ್ (ಗ್ಲಸ್ಟರ್ ಡೇಟಾ ಇಡುವ ಫೋಲ್ಡರ್) ಇಡಲು ಜಾಗ ತೋರಿಸಿದರೆ, ಇದು ರೂಟ್ ಪಾರ್ಟಿಷನ್ನು, ಇಲ್ಲಿ ಡೇಟಾ ಇಡುವುದು ಒಳ್ಳೆಯದಲ್ಲ, ಹಟವಿದ್ದರೆ ಕೊನೆಯಲ್ಲಿ ‘ಫೋರ್ಸ್’ ಎಂದು ಸೇರಿಸಿ ಎನ್ನುತ್ತದೆ ಗ್ಲಸ್ಟರ್. ಎರಡೇ ಪ್ರತಿಗಳ ವಾಲ್ಯೂಮ್ ಕೇಳಿದರೆ, ಎರಡು ಪ್ರತಿ ಬೇರೆಬೇರೆ ಮಾತಾಡಿದಾಗ ಯಾವುದು ಸರಿ ಎಂದು ಹೇಳಲಾಗದು, ಮೂರು ಮಾಡಿ ಅಥವಾ ಮಧ್ಯಸ್ಥಗಾರನನ್ನು ಇಡಿ ಎಂದೂ ಎಚ್ಚರಿಸುತ್ತದೆ. ಕಂಟೇನರಿನಲ್ಲಿ ಕೂತವರು ಈ ಎರಡೂ ಎಚ್ಚರಿಕೆಗಳನ್ನು ದಾಟಿ ಹೋಗುವ ಕಮಾಂಡನ್ನೇ ಸ್ಕ್ರಿಪ್ಟಿನಲ್ಲಿ ಬರೆದಿಡುತ್ತಾರೆ. ಪ್ರಯೋಗಕ್ಕೆ ಅದು ಸರಿ. ಆದರೆ ಸ್ಕ್ರಿಪ್ಟುಗಳಿಗೆ ಕಾಲುಗಳಿವೆ. ಪ್ರಯೋಗಕ್ಕೆ ಬರೆದದ್ದು ಆರು ತಿಂಗಳಲ್ಲಿ ಗಿರಾಕಿಯ ಸರ್ವರಿನಲ್ಲಿ ಕೂತಿರುತ್ತದೆ, ‘ಫೋರ್ಸ್’ ಸಮೇತ.

ಸೆಫ್ ತನ್ನ ಅಭಿವೃದ್ಧಿಕಾರರಿಗಾಗಿ ಇಟ್ಟಿರುವ ವಿಸ್ಟಾರ್ಟ್ ಎಂಬ ಸ್ಕ್ರಿಪ್ಟನ್ನು ಇಲ್ಲಿ ಹೋಲಿಸಿ ನೋಡಬೇಕು. ಅದು ಬಿಲ್ಡ್ ಆದ ಜಾಗದಲ್ಲೇ ಒಂದು ಪುಟ್ಟ ಕ್ಲಸ್ಟರನ್ನು ಎಬ್ಬಿಸುತ್ತದೆ. ಸೆಫ್‌ನ ವಾಡಿಕೆಯ ನಿಯಮದಂತೆ ಮೂರು ಪ್ರತಿಗಳು ಮೂರು ಬೇರೆ ಸರ್ವರುಗಳಿಗೆ ಹೋಗಬೇಕು. ವಿಸ್ಟಾರ್ಟ್ ಆ ನಿಯಮವನ್ನು ಸಡಿಲಿಸಿ, ಒಂದೇ ಸರ್ವರಿನಲ್ಲಿ ಡೇಟಾ ಕಾಯುವ ಸೇವೆಗಳಾದ ಬೇರೆಬೇರೆ ಒಎಸ್‌ಡಿಗಳಿಗೆ ಹೋದರೂ ಸಾಕು ಎಂದು ಕಾನ್ಫಿಗರೇಷನ್ನಿನಲ್ಲೇ ಬರೆಯುತ್ತದೆ. ಅಂದರೆ, ಇಲ್ಲಿರುವುದು ಒಂದೇ ಯಂತ್ರ ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಒಂದೊಂದು ಒಎಸ್‌ಡಿಯನ್ನೂ ಪ್ರತ್ಯೇಕ ಕಂಟೇನರಿನಲ್ಲಿ ಪ್ರತ್ಯೇಕ ಹೋಸ್ಟ್‌ನೇಮ್ ಕೊಟ್ಟು ಎಬ್ಬಿಸಿದಾಗ ಹೀಗಾಗುವುದಿಲ್ಲ. ಸೆಫ್ ಆ ಮೂರು ಹೆಸರುಗಳನ್ನು ನಂಬಿ, ಮೂರು ಸರ್ವರುಗಳಲ್ಲಿ ಮೂರು ಪ್ರತಿ ಇಟ್ಟಿದ್ದೇನೆ ಎಂದು ಹಸಿರು ಬಣ್ಣದಲ್ಲಿ ಹೇಳುತ್ತದೆ. ಮೂರೂ ಇರುವುದು ಒಂದೇ ಡಿಸ್ಕಿನ ಮೇಲೆ! ನೋಡಲು ಕಂಟೇನರ್ ಕ್ಲಸ್ಟರೇ ಹೆಚ್ಚು ನೈಜವಾಗಿದೆ, ಪ್ರಾಮಾಣಿಕವಾಗಿರುವುದು ವಿಸ್ಟಾರ್ಟ್.

ಆ ಒಂದೇ ಡಿಸ್ಕ್, ಒಂದೇ ಗಡಿಯಾರ ಮರೆಮಾಚುವ ತೊಂದರೆಗಳು ಸಣ್ಣವಲ್ಲ. ಸೆಫ್‌ನ ಮಾನಿಟರುಗಳ, ಅಂದರೆ ಕ್ಲಸ್ಟರಿನ ಸ್ಥಿತಿ ನೋಡಿಕೊಳ್ಳುವ ಸೇವೆಗಳ ಗಡಿಯಾರಗಳು ಪರಸ್ಪರ 0.05 ಸೆಕೆಂಡಿಗಿಂತ ಹೆಚ್ಚು ಆಚೀಚೆಯಾದರೆ ಎಚ್ಚರಿಕೆ ಬರುತ್ತದೆ. ನಿಜವಾದ ಕ್ಲಸ್ಟರು ನಡೆಸುವವರಿಗೆ ಇದು ಪರಿಚಿತ ತಲೆನೋವು, ಕಂಟೇನರಿನಲ್ಲಿ ಬರೆದವರಿಗೆ ಅದು ಜನ್ಮದಲ್ಲಿ ಕಾಣಿಸುವುದಿಲ್ಲ. ಡಿಸ್ಕ್ ತುಂಬುವುದೂ ಅಷ್ಟೆ. ನಿಜದಲ್ಲಿ ಒಂದು ಒಎಸ್‌ಡಿ ತುಂಬುತ್ತ ಬಂದಾಗ 85 ಪ್ರತಿಶತಕ್ಕೆ ಎಚ್ಚರಿಕೆ, 95ಕ್ಕೆ ಬರವಣಿಗೆ ಬಂದ್ ಎಂಬ ಕ್ರಮವಿದೆ. ಲ್ಯಾಪ್‌ಟಾಪಿನಲ್ಲಿ ಒಎಸ್‌ಡಿಗೆ ಡಿಸ್ಕ್ ಎಂದು ತೋರಿಸುವುದು ಬರೆದಷ್ಟೇ ಜಾಗ ಹಿಡಿಯುವ ಒಂದು ದೊಡ್ಡ ಫೈಲನ್ನು. ಒಎಸ್‌ಡಿ ಇನ್ನೂ ಬೇಕಾದಷ್ಟು ಜಾಗವಿದೆ ಎಂದು ನೆಮ್ಮದಿಯಾಗಿರುವಾಗಲೇ ಅಡಿಯ ಡಿಸ್ಕ್ ತುಂಬಿ ಮೂರೂ ಒಟ್ಟಿಗೆ ಬೀಳುತ್ತವೆ.

ಎಲ್ಲಕ್ಕಿಂತ ಗಂಭೀರವಾದದ್ದು ಸಾವಿನ ಪರೀಕ್ಷೆ. ಕಂಟೇನರನ್ನು ಥಟ್ಟನೆ ಕೊಂದು, ಮತ್ತೆ ಎಬ್ಬಿಸಿ, ಡೇಟಾ ಇದೆ ನೋಡಿ ಎಂದು ಬೆನ್ನು ತಟ್ಟಿಕೊಳ್ಳುವುದು ವಾಡಿಕೆ. ಅಲ್ಲಿ ಸತ್ತದ್ದು ಪ್ರೋಗ್ರಾಂ ಮಾತ್ರ. ಅದು ಫೈಲಿಗೆ ಬರೆದದ್ದು ಇನ್ನೂ ಡಿಸ್ಕಿಗೆ ಹೋಗದೆ ಕರ್ನಲ್ಲಿನ ಮೆಮೊರಿಯಲ್ಲಿ ಕೂತಿರಬಹುದು. ಕರ್ನಲ್ ಸತ್ತಿಲ್ಲವಲ್ಲ, ಅದು ನಿಧಾನವಾಗಿ ಎಲ್ಲವನ್ನೂ ಡಿಸ್ಕಿಗೆ ಇಳಿಸುತ್ತದೆ. ಡೇಟಾ ಡಿಸ್ಕಿಗೆ ತಲುಪಿತು ಎಂದು ಖಾತರಿಪಡಿಸುವ ಎಫ್‌ಸಿಂಕ್ ಕರೆಯನ್ನು ನಿಮ್ಮ ಕೋಡಿನಲ್ಲಿ ಪೂರ್ತಿ ಮರೆತಿದ್ದರೂ ಈ ಪರೀಕ್ಷೆ ಪಾಸಾಗುತ್ತದೆ. ಕರೆಂಟು ಹೋದ ದಿನ ಫೇಲಾಗುತ್ತದೆ. ಇದು ಬರಿಯ ಕಾಲ್ಪನಿಕ ಭಯವಲ್ಲ. ನಂಬಿಕೆಗೆ ಹೆಸರಾದ ಪ್ರೋಗ್ರಾಂಗಳು ಕೂಡ ಫೈಲ್ ಸಿಸ್ಟಂ ಕೊಡದ ಭರವಸೆಗಳನ್ನು ನೆಚ್ಚಿಕೊಂಡಿವೆ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲೇ ತೋರಿಸಿದ್ದರು. ಎಫ್‌ಸಿಂಕ್ ಒಮ್ಮೆ ಸೋತರೆ ಮತ್ತೆ ಕರೆದಾಗ ಸುಮ್ಮನೆ ‘ಆಯಿತು’ ಎನ್ನಬಹುದು ಎಂಬುದು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬಳಗಕ್ಕೆ ಎದೆ ಝಲ್ಲೆನಿಸುವಂತೆ ಗೊತ್ತಾದದ್ದು 2018ರಲ್ಲಿ.

ಹಾಗೆಂದು ಕಂಟೇನರಿನಲ್ಲಿ ವೈಫಲ್ಯವನ್ನೇ ಪರೀಕ್ಷಿಸಲಾಗದು ಎಂದೇನಲ್ಲ. ಒಂದು ಪರೀಕ್ಷೆಯನ್ನು ಅದು ಬೇರೆಲ್ಲಕ್ಕಿಂತ ಸಲೀಸಾಗಿ ಮಾಡುತ್ತದೆ: ಸಾಯದೆ ಸ್ತಬ್ಧವಾದ ಸರ್ವರು. ಡಾಕರಿನ ‘ಪಾಝ್’ (pause) ಕಮಾಂಡ್ ಕೊಟ್ಟರೆ ಕಂಟೇನರು ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಸೆಫ್‌ನ ಒಎಸ್‌ಡಿಗಳು ಪರಸ್ಪರ ನಾಡಿ ನೋಡುತ್ತಿರುತ್ತವೆ, ವಾಡಿಕೆಯಂತೆ 20 ಸೆಕೆಂಡು ಉತ್ತರ ಬರದಿದ್ದರೆ ಸತ್ತಿತೆಂದು ಮಾನಿಟರಿಗೆ ದೂರು ಹೋಗುತ್ತದೆ. ಅರ್ಧ ನಿಮಿಷ ಹೆಪ್ಪುಗಟ್ಟಿಸಿ ಬಿಟ್ಟರೆ, ಎದ್ದ ಒಎಸ್‌ಡಿ ತನ್ನನ್ನು ತಪ್ಪಾಗಿ ಸತ್ತವರ ಪಟ್ಟಿಗೆ ಸೇರಿಸಿದ್ದಾರೆಂದು ಲಾಗಿನಲ್ಲಿ ತಕರಾರು ಬರೆದು, ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಆ ಅರ್ಧ ನಿಮಿಷದಲ್ಲಿ ಬರೆದ ಡೇಟಾ ಅದಕ್ಕೆ ಸರಿಯಾಗಿ ತಲುಪಿತೇ, ಹಳೆಯದನ್ನೇ ಹೊಸದೆಂದು ಕೊಟ್ಟಿತೇ ಎಂದು ನೋಡುವುದು ಈ ಕ್ಷೇತ್ರದ ಅತಿ ಕಷ್ಟದ ಪ್ರಶ್ನೆಗಳಲ್ಲೊಂದು. ನೆಟ್‌ವರ್ಕಿಗೆ ವಿಳಂಬ ಬೆರೆಸುವುದು, ಒಂದು ಕಂಟೇನರನ್ನು ಉಳಿದವುಗಳಿಂದ ಕತ್ತರಿಸುವುದು ಕೂಡ ಇಲ್ಲಿ ಒಂದೆರಡು ಸಾಲಿನ ಕೆಲಸ.

‘ಕಡಲು’ ಈ ಚರ್ಚೆಗೆ ಇನ್ನೊಂದು ಮುಖ ಕೊಡುತ್ತದೆ. ಅದು ಗ್ಲಸ್ಟರಿನ ಡೇಟಾ ಇಡುವ ಭಾಗವನ್ನು ಉಳಿಸಿಕೊಂಡು, ಗ್ಲಸ್ಟರ್‌ಡಿಯನ್ನು ಬಿಟ್ಟು, ನಿರ್ವಹಣೆಯನ್ನು ಕಂಟೇನರುಗಳನ್ನು ನಡೆಸುವ ತಂತ್ರಾಂಶವಾದ ಕುಬರ್ನೆಟಿಸ್‌ಗೆ ಒಪ್ಪಿಸುತ್ತದೆ. ಮೇಲೆ ಹೇಳಿದ ಗುರುತಿನ ಗೊಂದಲ ಹೀಗೆ ಬುಡದಲ್ಲೇ ತಪ್ಪುತ್ತದೆ. ತಂತ್ರಾಂಶ ಕೊನೆಗೆ ಓಡುವುದೇ ಕಂಟೇನರಿನಲ್ಲಾದ್ದರಿಂದ ಅಭಿವೃದ್ಧಿಯ ಇಮೇಜಿಗೂ ಬಳಕೆಯ ಇಮೇಜಿಗೂ ಅಂತರ ಕಡಿಮೆ. ಸೆಫ್ ಕೂಡ 2020ರ ಆಕ್ಟೋಪಸ್ ಆವೃತ್ತಿಯಿಂದ ಸೆಫ್‌ಎಡಿಎಂ ಎಂಬ ಸಾಧನದ ಮೂಲಕ ಕಂಟೇನರುಗಳನ್ನೇ ಬಳಕೆಗೆ ಇಳಿಸುತ್ತಿದೆ. ಆದರೂ ಲ್ಯಾಪ್‌ಟಾಪಿನ ಪುಟ್ಟ ಕುಬರ್ನೆಟಿಸ್ ಆದ ಮಿನಿಕ್ಯೂಬ್‌ನಲ್ಲಿ ಒಂದೇ ನೋಡ್ ಇಟ್ಟುಕೊಂಡು ಮೂರು ಪ್ರತಿಯ ಪೂಲ್ ಮಾಡಿದರೆ, ಮೂರೂ ಹೋಗಿ ಕೂರುವುದು ಅದೇ ಡಿಸ್ಕಿನ ಮೇಲೆ. ಕುಬರ್ನೆಟಿಸ್ ಬಂದ ಮಾತ್ರಕ್ಕೆ ಭೌತಶಾಸ್ತ್ರ ಬದಲಾಗುವುದಿಲ್ಲ. ಮೇಲಾಗಿ, ಶೇಖರಣೆ ಕಲಿಯಲು ಬಂದವರು ಮೊದಲು ಕುಬರ್ನೆಟಿಸ್ ಕಲಿಯಬೇಕಾದ ಹೊರೆ ಬೇರೆ.

ಹಾಗಾದರೆ ಒಂದೇ ಲ್ಯಾಪ್‌ಟಾಪ್ ಇರುವವರು ಏನು ಮಾಡಬೇಕು? ಬಿಲ್ಡ್ ಮತ್ತು ದಿನದ ಕೆಲಸ ಕಂಟೇನರಿನಲ್ಲೇ ನಡೆಯಲಿ. ಬ್ರಿಕ್‌ಗಳನ್ನು ಕಂಟೇನರಿನ ಪದರಗಳಲ್ಲಿಡದೆ ಪ್ರತ್ಯೇಕ ವಾಲ್ಯೂಮಿನಲ್ಲಿ, ಆದಷ್ಟು ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಮೇಲೆ ಇಡಲಿ. ‘ಫೋರ್ಸ್’ ಇರುವ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಇದು ಪ್ರಯೋಗಕ್ಕೆ ಮಾತ್ರ ಎಂದು ಬರೆಯಲಿ. ಡೇಟಾ ಉಳಿಯುತ್ತದೆ ಎಂಬ ಮಾತಿಗೆ ಬಂದಾಗ ಮಾತ್ರ ಕ್ಯೂಎಮು ವರ್ಚುವಲ್ ಯಂತ್ರಕ್ಕೆ ಹೋಗಲಿ. ಅದಕ್ಕೆ ತನ್ನದೇ ಕರ್ನಲ್ ಇದೆ, ಕೊಂದಾಗ ಅದರ ಮೆಮೊರಿಯೂ ಜೊತೆಗೇ ಹೋಗುತ್ತದೆ, ಎಫ್‌ಸಿಂಕ್ ಮರೆತವರು ಸಿಕ್ಕಿಬೀಳುತ್ತಾರೆ. ಡಿಸ್ಕೇ ನಡುವೆ ಕೈಕೊಡುವಂತೆ ಮಾಡಲು ಲಿನಕ್ಸಿನಲ್ಲೇ ಡಿಎಂ-ಫ್ಲೇಕಿ ಇದೆ, ಬರವಣಿಗೆಯ ಪ್ರತಿ ಹೆಜ್ಜೆಯನ್ನೂ ದಾಖಲಿಸಿ ಮತ್ತೆ ಆಡಿಸಿ ನೋಡಲು ಡಿಎಂ-ಲಾಗ್-ರೈಟ್ಸ್ ಇದೆ. ಇವು ನಿಧಾನ, ಬೇಸರದ ಕೆಲಸ, ಅದಕ್ಕೇ ಹೆಚ್ಚಿನವರು ಮಾಡುವುದಿಲ್ಲ.

ಕಂಟೇನರ್ ಕ್ಲಸ್ಟರಿನಲ್ಲಿ ಹಸಿರು ಕಂಡರೆ ಕೋಡ್ ಸೇರಿಸಿ, ಬಿಡುಗಡೆ ಮಾಡಬೇಡಿ. ವರ್ಚುವಲ್ ಯಂತ್ರದಲ್ಲಿ ಕರೆಂಟು ಕಿತ್ತು ನೋಡದ ತಂತ್ರಾಂಶವನ್ನು ಬೇರೆಯವರ ಡೇಟಾ ಕಾಯಲು ಕಳಿಸುವ ಹಕ್ಕು ಯಾವ ತಂಡಕ್ಕೂ ಇಲ್ಲ.